ಉಳಿಸಿದೆ ಎಂದು ಹೇಳುವ ಮೊದಲು

ತಮ್ಮಾ,

ನಿಮ್ಮಕ್ಕನ ಹಳೆಯ ಪ್ಲೇಸ್ಟೇಷನ್‌ಗೆ ಮೆಮೊರಿ ಕಾರ್ಡನ್ನು ನೀನೇ ಕೈಯಾರೆ ಮಾಡುತ್ತೇನೆಂದು ಹೊರಟಿದ್ದು ಕೇಳಿ ನನಗೆ ಬಹಳ ಸಂತೋಷವಾಯಿತು. ಪುಣೆಯ ತಪಕೀರ ಗಲ್ಲಿಯಿಂದ ರಾಸ್ಪ್‌ಬೆರಿ ಪೈ ಪಿಕೊ ಬೋರ್ಡು ತಂದಾಯಿತು, ಜುನಾ ಬಾಜಾರದಲ್ಲಿ ಕೆಟ್ಟ ಕಾರ್ಡೊಂದರ ಪ್ಲಾಸ್ಟಿಕ್ ಕವಚವೂ ಸಿಕ್ಕಿತು ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ‘ಆಟದ ಸಾಮಾನಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ?’ ಎಂದು ಮನೆಯಲ್ಲಿ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭೋಸರಿಯ ಎಂಐಡಿಸಿಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ಅಲ್ಲಿಯ ದೊಡ್ಡ ದೊಡ್ಡ ಸಿಎನ್‌ಸಿ ಯಂತ್ರಗಳ ಹೊಟ್ಟೆಯೊಳಗಿನ ಸಮಸ್ಯೆಯೂ ನಿನ್ನ ಮೇಜಿನ ಮೇಲಿರುವುದೂ ಒಂದೇ. ಯಂತ್ರ ಗಟ್ಟಿಯಾಗಿದೆ, ಅದರ ನೆನಪು ಸಡಿಲವಾಗಿದೆ. ನೆನಪನ್ನು ಇಟ್ಟುಕೊಳ್ಳುವ ಭಾಗ ಪೇಟೆಯಲ್ಲಿ ಸಿಗುತ್ತಿಲ್ಲ. ಹಾಗಾಗಿ ಯಾರಾದರೂ ಮಾಡಲೇಬೇಕು.

ಮೊದಲ ಪ್ಲೇಸ್ಟೇಷನ್ ಜಪಾನಿನಲ್ಲಿ ಮಾರಾಟಕ್ಕೆ ಬಂದದ್ದು 1994ರ ಡಿಸೆಂಬರಿನಲ್ಲಿ. 2006ಕ್ಕೆ ಅದರ ತಯಾರಿಕೆ ನಿಂತಿತು. ಈಗ ಅಂಗಡಿಯಲ್ಲಿ ‘ಹೊಸದು’ ಎಂದು ಕೊಡುವ ಕಾರ್ಡುಗಳಲ್ಲಿ ಹೆಚ್ಚಿನವು ಯಾರೋ ಮಾಡಿದ ನಕಲು. ಒಳಗೆ ಯಾವ ಚಿಪ್ ಇದೆ, ಅದು ಎಷ್ಟು ವರ್ಷ ತಾಳುತ್ತದೆ ಎಂದು ಮಾರುವವನಿಗೂ ಗೊತ್ತಿರುವುದಿಲ್ಲ. ಆದ್ದರಿಂದ ನೀನು ಮಾಡುವುದು ಹುಚ್ಚಾಟ ಅಲ್ಲ, ಮಾಡಬೇಕಾದ ಕೆಲಸ. ಆ ಕೆಲಸ ಹೇಗಿರಬೇಕು ಎಂಬುದರ ಬಗ್ಗೆ ಮಾತ್ರ ನನ್ನ ನಾಲ್ಕು ಮಾತು.

ಸೋಲ್ಡರಿಂಗ್ ಐರನ್ ಬಿಸಿಗೆ ಇಡುವ ಮೊದಲು ಅಕ್ಕನ ಹಳೆಯ ಕಾರ್ಡಿನ ಪ್ರತಿ ತೆಗೆ. ಇದನ್ನು ಬಿಟ್ಟು ಬೇರೆ ಯಾವುದರಿಂದಲೂ ಶುರು ಮಾಡಬೇಡ. ಆ ಕಾರ್ಡಿನಲ್ಲಿ ಇರುವುದು 128 ಕೆಬಿ, ಅಂದರೆ ಸರಿಯಾಗಿ 1,31,072 ಬೈಟು. 128 ಬೈಟಿಗೊಂದು ಫ್ರೇಮ್, ಅಂಥವು 1024. 64 ಫ್ರೇಮ್ ಸೇರಿದರೆ 8 ಕೆಬಿಯ ಒಂದು ಬ್ಲಾಕ್. ಬ್ಲಾಕುಗಳು ಹದಿನಾರಿದ್ದರೂ ತೆರೆಯ ಮೇಲೆ ನಿನಗೆ ಕಾಣುವುದು ಹದಿನೈದೇ ಮನೆ. ಮೊದಲನೆಯ ಬ್ಲಾಕನ್ನು ಕಾರ್ಡು ತನ್ನ ಸೂಚಿಗಾಗಿ ಇಟ್ಟುಕೊಂಡಿರುತ್ತದೆ: ಯಾವ ಆಟ ಯಾವ ಬ್ಲಾಕಿನಲ್ಲಿದೆ, ಮುಂದಿನ ತುಂಡು ಎಲ್ಲಿದೆ ಎಂಬ ಲೆಕ್ಕವೆಲ್ಲ ಅಲ್ಲಿ. ಓದಿದ ಫೈಲಿನ ಮೊದಲ ಎರಡು ಬೈಟು ಹೆಕ್ಸ್‌ನಲ್ಲಿ 4ಡಿ, 43 ಇರಬೇಕು. ಸೂಚಿಯ ಪ್ರತಿ ಫ್ರೇಮಿನ ಕೊನೆಯ ಬೈಟು ಅದರ ಹಿಂದಿನ 127 ಬೈಟುಗಳ ಎಕ್ಸ್‌ಆರ್ ಆಗಿರಬೇಕು. ಇದನ್ನು ಪರೀಕ್ಷಿಸುವ ಹತ್ತು ಸಾಲಿನ ಪ್ರೋಗ್ರಾಮ್ ನೀನೇ ಬರೆ. ಕಾರ್ಡನ್ನು ತೆಗೆದು ಮತ್ತೆ ಹಾಕಿ ಎರಡನೇ ಸಲ ಓದು. ಎರಡು ಫೈಲೂ ಬೈಟಿಗೆ ಬೈಟು ಹೊಂದಬೇಕು. ಹೊಂದದಿದ್ದರೆ ಕಾರ್ಡಿನ ತುದಿಯ ಸಂಪರ್ಕಗಳಲ್ಲಿ ಕಿಲುಬು ಇದೆ ಎಂದು ತಿಳಿ. ಪುಣೆಯ ಮಳೆಗಾಲವನ್ನು ಅಟ್ಟದ ಮೇಲೆ ಕಳೆದ ಸಾಮಾನಿನಲ್ಲಿ ಇದು ಇದ್ದೇ ಇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸು. ಸ್ಯಾಂಡ್‌ಪೇಪರ್ ಮುಟ್ಟಬೇಡ, ಮೇಲಿನ ಲೇಪ ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ.

ಓದುವುದಕ್ಕೆ ಬೇರೆ ಸಾಧನ ಕೊಳ್ಳಬೇಡ. ಆ ಪಿಕೊ ಬೋರ್ಡನ್ನೇ ಮೊದಲು ಓದುವ ಯಂತ್ರ ಮಾಡು. ಹಾಗೆ ಮಾಡಿದಾಗ ನೀನು ಕನ್ಸೋಲಿನ ಜಾಗದಲ್ಲಿ ಕೂತು ಕಾರ್ಡಿಗೆ ಪ್ರಶ್ನೆ ಕೇಳುತ್ತೀಯ, ಅಸಲಿ ಕಾರ್ಡು ಹೇಗೆ ಉತ್ತರ ಕೊಡುತ್ತದೆ ಎಂದು ಕಲಿಯುತ್ತೀಯ. ನಾಳೆ ಪಾತ್ರ ಬದಲಾಗಿ ನೀನೇ ಉತ್ತರಿಸಬೇಕಾದಾಗ ಆ ಕಲಿಕೆ ಕೈಹಿಡಿಯುತ್ತದೆ. ಪಿಕೊ 3.3 ವೋಲ್ಟಿನದು, ಕಾರ್ಡು ಸುಮಾರು 3.5 ವೋಲ್ಟಿನಲ್ಲಿ ನಡೆಯುವಂಥದು, ಎರಡಕ್ಕೂ ಹೊಂದಾಣಿಕೆ ಇದೆ. ನಿನ್ನ ಗೆಳೆಯನ ಹತ್ತಿರ ಇರುವ 5 ವೋಲ್ಟಿನ ಆರ್ಡುಯಿನೊವನ್ನು ನೇರವಾಗಿ ಅದಕ್ಕೆ ತಗಲಿಸಬೇಡ.

ಪ್ರತಿ ಸಿಕ್ಕ ಮೇಲೆ ಒಂದನ್ನು ನಿನ್ನ ಲ್ಯಾಪ್‌ಟಾಪಿನಲ್ಲಿ ಇಡು, ಇನ್ನೊಂದನ್ನು ಅಕ್ಕನಿಗೆ ಕಳಿಸು. ಅವಳನ್ನು ಕೇಳದೆ ಆ ಕಾರ್ಡಿಗೆ ಏನನ್ನೂ ಬರೆಯಬೇಡ. ಹತ್ತನೇ ಇಯತ್ತೆಯ ಸೂಟಿಯಲ್ಲಿ ಅವಳು ಆಡಿದ್ದು ಅದರಲ್ಲಿದೆ. ಅದು ಅವಳದು.

ಈಗ ತಂತಿಯ ಮೇಲೆ ಏನು ನಡೆಯುತ್ತದೆ ಎಂದು ನೋಡು. ಎಂಟು ಚಾನೆಲ್ಲಿನ ಅಗ್ಗದ ಲಾಜಿಕ್ ಅನಲೈಸರ್ ಒಂದಿದ್ದರೆ ಸಾಕು, ಪಲ್ಸ್‌ವ್ಯೂ ತಂತ್ರಾಂಶ ಉಚಿತ. ಗಡಿಯಾರದ ತಂತಿ ಸೆಕೆಂಡಿಗೆ ಎರಡೂವರೆ ಲಕ್ಷ ಸಲ ಮಿಡಿಯುತ್ತದೆ. ಒಂದು ಬಿಟ್‌ಗೆ 4 ಮೈಕ್ರೊಸೆಕೆಂಡು, ಬೈಟಿಗೆ 32. ಕಡಿಮೆ ಬೆಲೆಯ ಬಿಟ್ ಮೊದಲು ಬರುತ್ತದೆ. ಇದನ್ನು ಮರೆತವರಿಗೆ ಎಲ್ಲ ಅಂಕಿಗಳೂ ತಲೆಕೆಳಗಾಗಿ ಕಾಣುತ್ತವೆ. ಕೊನೆಯದನ್ನು ಬಿಟ್ಟು ಪ್ರತಿ ಬೈಟು ಮುಗಿದ ಮೇಲೆ ಕಾರ್ಡು ‘ಕೇಳಿಸಿತು’ ಎಂಬಂತೆ ಅಕ್ ತಂತಿಯನ್ನು ಕ್ಷಣಕಾಲ ಕೆಳಗೆ ಎಳೆಯುತ್ತದೆ. ಎಳೆಯದಿದ್ದರೆ ಕನ್ಸೋಲ್ ಅಲ್ಲಿಗೇ ಮಾತು ನಿಲ್ಲಿಸುತ್ತದೆ. ಇದನ್ನೆಲ್ಲ ಪ್ಲೇಸ್ಟೇಷನ್ ಎಮ್ಯುಲೇಟರ್ ಬರೆದ ಮಾರ್ಟಿನ್ ಕೋರ್ಥ್ ಬಹಳ ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ, ಓದು. ಪಿಕೊಮೆಮ್‌ಕಾರ್ಡ್ ಎಂಬ ಮುಕ್ತ ಯೋಜನೆಯ ಕೋಡೂ ಇದೆ, ಅದನ್ನೂ ಓದು. ಆದರೆ ಓದಿದ್ದನ್ನು ನಿನ್ನ ಕನ್ಸೋಲಿನ ತಂತಿಯ ಮೇಲೆ ಕಣ್ಣಾರೆ ಕಂಡ ಮೇಲೆ ಮಾತ್ರ ನಂಬು. ಕೋಡ್ ಯಾರದ್ದಾದರೂ ಇರಲಿ, ಅಲೆಯ ಚಿತ್ರ ನಿನ್ನದೇ ಇರಲಿ.

ಈ ತಂತಿಗಳಲ್ಲಿ ಒಂದು ಶಿಷ್ಟಾಚಾರ ಇದೆ, ಹೊಸಬರು ಎಡವುವುದೇ ಅಲ್ಲಿ. ಒಂದು ಪೋರ್ಟಿನ ಕಂಟ್ರೋಲರ್ ಮತ್ತು ಮೆಮೊರಿ ಕಾರ್ಡ್ ಎರಡೂ ಅವೇ ತಂತಿಗಳನ್ನು ಹಂಚಿಕೊಂಡಿವೆ. ಆಯ್ಕೆಯ ತಂತಿಯೂ ಒಂದೇ. ಕನ್ಸೋಲ್ ಕಳಿಸುವ ಮೊದಲ ಬೈಟು ಹೆಕ್ಸ್‌ನಲ್ಲಿ 01 ಆಗಿದ್ದರೆ ಅದು ಕಂಟ್ರೋಲರಿಗೆ, 81 ಆಗಿದ್ದರೆ ಕಾರ್ಡಿಗೆ. ಮಾಸ್ತರರು ಒಬ್ಬನ ಹೆಸರು ಕೂಗಿದಾಗ ಪಕ್ಕದವನು ಎದ್ದು ಉತ್ತರ ಹೇಳಿದರೆ ಏನಾಗುತ್ತದೋ, ನಿನ್ನ ಕಾರ್ಡು 01ಕ್ಕೆ ಬಾಯಿ ತೆರೆದರೆ ಅದೇ ಆಗುತ್ತದೆ: ಗುಂಡಿ ಒತ್ತಿದರೂ ಆಟದಲ್ಲಿ ಏನೂ ಅಲ್ಲಾಡುವುದಿಲ್ಲ. ಜನ ಆಗ ಕಂಟ್ರೋಲರ್ ಕೆಟ್ಟಿದೆ ಎಂದು ಅದನ್ನು ಬಿಚ್ಚಲು ಕೂಡುತ್ತಾರೆ. ಡೇಟಾ ಮತ್ತು ಅಕ್ ತಂತಿಗಳನ್ನು ನೀನು ಕೆಳಗೆ ಎಳೆಯಬಹುದು, ಮೇಲೆ ತಳ್ಳಬಾರದು. ಕೆಲಸ ಮುಗಿದ ಕೂಡಲೇ ಕೈಬಿಡಬೇಕು. ಪಿಕೊದಲ್ಲಿ ಅಂಥ ಕೆಲಸಕ್ಕೆಂದೇ ಪಿಐಒ ಎಂಬ ಪುಟ್ಟ ಯಂತ್ರಗಳು ಎಂಟಿವೆ. ಸಮಯದ ಲೆಕ್ಕವನ್ನೆಲ್ಲ ಅವುಗಳಿಗೆ ಒಪ್ಪಿಸು. ಮುಖ್ಯ ಪ್ರೊಸೆಸರನ್ನು ಮೈಕ್ರೊಸೆಕೆಂಡು ಎಣಿಸಲು ಕೂರಿಸಬೇಡ.

ಈಗ ನನ್ನ ನಿಜವಾದ ಮಾತಿಗೆ ಬರುತ್ತೇನೆ.

ಕನ್ಸೋಲ್ ಒಂದು ಫ್ರೇಮ್ ಬರೆಯುವಾಗ 81, ನಂತರ 57, ಫ್ರೇಮಿನ ವಿಳಾಸ, 128 ಬೈಟು ಡೇಟಾ, ಕೊನೆಗೆ ಚೆಕ್‌ಸಮ್ ಕಳಿಸುತ್ತದೆ. ಅದಾದ ಮೇಲೆ ಕಾರ್ಡು ಮೂರು ಬೈಟು ಹೇಳಬೇಕು: 5ಸಿ, 5ಡಿ, ಮತ್ತು ಕಡೆಯದಾಗಿ 47. ಈ 47 ಎಂದರೆ ‘ಸರಿಯಾಗಿ ಬರೆದಿದ್ದೇನೆ’. ಚೆಕ್‌ಸಮ್ ಹೊಂದದಿದ್ದರೆ 4ಇ ಹೇಳಲು ಅವಕಾಶ ಇದೆ. ಇಲ್ಲದ ಫ್ರೇಮಿನ ವಿಳಾಸ ಬಂದರೆ ಎಫ್‌ಎಫ್. 47 ಬಂದ ಮೇಲೆ ಆಟವು ನಿಶ್ಚಿಂತೆಯಿಂದ ಮುಂದೆ ಹೋಗುತ್ತದೆ, ಆಡುವವನೂ ಸ್ವಿಚ್ ಆರಿಸಿ ಊಟಕ್ಕೆ ಏಳುತ್ತಾನೆ. ಆ ಒಂದು ಬೈಟಿನ ಮೇಲೆ ಅಷ್ಟು ನಂಬಿಕೆ ಇದೆ. ನಿನ್ನ ಇಡೀ ಕಾರ್ಡಿನಲ್ಲಿ ಅದು ಒಂದೇ ವಚನ. ಡೇಟಾ ನಿಜವಾಗಿಯೂ ಕರೆಂಟು ಹೋದರೂ ಉಳಿಯುವ ಜಾಗಕ್ಕೆ ಸೇರುವ ಮೊದಲು 47 ಹೇಳಬೇಡ.

ಇದು ಸುಲಭ ಅನ್ನಿಸಬಹುದು. ಆದರೆ ಪಿಕೊದಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ ಈ ವಚನವನ್ನು ಮುರಿಯುವಂಥದೇ. ಆರ್‌ಪಿ2040 ಎಂಬ ಅದರ ಚಿಪ್ಪಿನಲ್ಲಿ 264 ಕೆಬಿ ರ‍್ಯಾಮ್ ಇದೆ. ಕಾರ್ಡು 128 ಕೆಬಿ. ಇಡೀ ಕಾರ್ಡು ರ‍್ಯಾಮಿನಲ್ಲಿ ಆರಾಮಾಗಿ ಕೂಡುತ್ತದೆ. ಬಂದದ್ದನ್ನು ರ‍್ಯಾಮಿಗೆ ಹಾಕಿ 47 ಹೇಳಿಬಿಡು, ಪುರುಸೊತ್ತಾದಾಗ ಬೋರ್ಡಿನ ಮೇಲಿನ ಫ್ಲಾಶ್‌ಗೆ ಇಳಿಸು; ನೋಡುವವರಿಗೆ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಹತ್ತು ಸಲ ಪರೀಕ್ಷಿಸಿದರೂ ಪಾಸು. ಹನ್ನೊಂದನೇ ಸಲ ‘ಸೇವ್ ಆಯಿತು’ ಎಂದು ತೆರೆಯ ಮೇಲೆ ಬಂದ ಅರೆಗಳಿಗೆಯಲ್ಲಿ ಮನೆಯ ಲೈಟು ಹೋಯಿತು ಎಂದುಕೋ. ಪುಣೆಯಲ್ಲಿ ಲೈಟು ಹೋಗುವುದಿಲ್ಲವೆಂದು ನಿನಗೆ ಯಾರೂ ಹೇಳಿರಲಾರರು.

ಫ್ಲಾಶಿನ ಸ್ವಭಾವ ಇದನ್ನು ಇನ್ನೂ ಕಷ್ಟ ಮಾಡುತ್ತದೆ. ಅದರಲ್ಲಿ ಬೇಕಾದ 128 ಬೈಟನ್ನಷ್ಟೇ ತಿದ್ದಲಾಗುವುದಿಲ್ಲ. 4 ಕೆಬಿಯ ಸೆಕ್ಟರನ್ನು ಪೂರ್ತಿ ಅಳಿಸಿ ತಿರುಗಿ ಬರೆಯಬೇಕು. ಪಿಕೊ ಬೋರ್ಡಿನ ಮೇಲಿರುವ ಚಿಪ್ಪಿಗೆ ಒಂದು ಸೆಕ್ಟರ್ ಅಳಿಸಲು ಸಾಮಾನ್ಯವಾಗಿ 45 ಮಿಲಿಸೆಕೆಂಡು ಬೇಕು, ಕೆಲವೊಮ್ಮೆ 400ರವರೆಗೂ ಹೋಗಬಹುದು. ಅಳಿಸಿದ ಮೇಲೆ, ಬರೆಯುವ ಮೊದಲು, ಕರೆಂಟು ಹೋದರೆ ಹೋಗುವುದು ನಿನ್ನ ಒಂದು ಫ್ರೇಮಲ್ಲ, ಅದರ ಜೊತೆಗಿದ್ದ ಇತರ 31 ಫ್ರೇಮುಗಳೂ ಹೋದವು. ಕಾರ್ಡಿನ ಸೂಚಿ ಎಲ್ಲಿದೆ ನೆನಪಿಸಿಕೊ. ತಲೆಬರಹ ಮತ್ತು ಹದಿನೈದು ಬ್ಲಾಕುಗಳ ಲೆಕ್ಕ ಎಲ್ಲವೂ ಮೊದಲ ಹದಿನಾರು ಫ್ರೇಮುಗಳಲ್ಲಿ, ಅಂದರೆ ಮೊದಲ 2 ಕೆಬಿಯಲ್ಲಿ. ಅಷ್ಟೂ ಒಂದೇ ಸೆಕ್ಟರಿನಲ್ಲಿ ಬರುತ್ತದೆ. ಹೊಸ ಆಟ ಸೇವ್ ಮಾಡಿದಾಗಲೆಲ್ಲ ಆ ಸೂಚಿಯನ್ನು ತಿದ್ದಬೇಕು. ಆ ಗಳಿಗೆಯಲ್ಲಿ ಅಳಿಸಿಹೋದರೆ ಹದಿನೈದೂ ಆಟಗಳ ಡೇಟಾ ಒಳಗೇ ಇದ್ದರೂ ಯಾವುದು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ನೀನು ಇವತ್ತಿನ ಆಟ ಉಳಿಸಲು ಹೋಗಿ ಅಕ್ಕನ ಎಲ್ಲ ಹಳೆಯ ಆಟಗಳನ್ನೂ ಕಳೆದಂತೆ ಆಯಿತು.

ಎಸ್‌ಡಿ ಕಾರ್ಡ್ ಹಾಕಿದರೂ ಇದೇ ಕಥೆ. ಎಸ್‌ಡಿಯನ್ನೇ ಬಳಸುವುದಾದರೆ ಎರಡು ಪ್ರತಿ ಇಟ್ಟು, ಒಮ್ಮೆ ಒಂದಕ್ಕೆ ಮತ್ತೊಮ್ಮೆ ಇನ್ನೊಂದಕ್ಕೆ ಸರದಿಯಲ್ಲಿ ಬರೆದು, ಕ್ರಮಸಂಖ್ಯೆ ಮತ್ತು ಸಿಆರ್‌ಸಿ ನೋಡಿ ಯಾವುದು ಪೂರ್ತಿಯಾಗಿದೆ ಎಂದು ಆರಿಸುವ ವ್ಯವಸ್ಥೆ ಬೇಕು. ಅದು ಒಳ್ಳೆಯ ವಿದ್ಯೆ, ಕಲಿ. ಆದರೆ ಈ ಕಾರ್ಡಿಗೆ ನಾನು ಹೇಳುವುದು ಎಫ್‌ರ‍್ಯಾಮ್.

ಎಫ್‌ರ‍್ಯಾಮ್ ಎಂದರೆ ಫೆರೊಎಲೆಕ್ಟ್ರಿಕ್ ವಸ್ತುವಿನ ನೆನಪು. ವಿದ್ಯುತ್ ಕ್ಷೇತ್ರ ಕೊಟ್ಟಾಗ ಹರಳಿನೊಳಗಿನ ಪರಮಾಣು ಒಂದು ಬದಿಗೆ ಸರಿಯುತ್ತದೆ, ಕ್ಷೇತ್ರ ತೆಗೆದರೂ ಅಲ್ಲೇ ನಿಲ್ಲುತ್ತದೆ. ಅಳಿಸುವ ತಂಟೆ ಇಲ್ಲ, ಕಾಯುವುದೂ ಇಲ್ಲ. ಬೈಟು ತಂತಿಯಲ್ಲಿ ಬಂದು ಸೇರಿದ ಕ್ಷಣವೇ ಬರೆದಾಯಿತು. ಫುಜಿತ್ಸು ಮಾಡಿದ ಎಂಬಿ85ಆರ್‌ಎಸ್1ಎಂಟಿ ಎಂಬ ಚಿಪ್ಪಿನ ಅಳತೆ 1 ಮೆಗಾಬಿಟ್. ಅಂದರೆ ಸರಿಯಾಗಿ 128 ಕೆಬಿ, ಅಕ್ಕನ ಕಾರ್ಡಿನ ಅಳತೆಯೇ. ಅದಕ್ಕೆ ಕೊಡಬಹುದಾದ ಹೆಚ್ಚಿನ ವೋಲ್ಟೇಜು 3.6, ಹಾಗಾಗಿ ಪಿಕೊದ 3.3 ವೋಲ್ಟಿನ ಪಿನ್ನಿನಿಂದ ಕೊಡು. ಫ್ಲಾಶಿನ ಸೆಕ್ಟರು ಲಕ್ಷದಷ್ಟು ಅಳಿಸುವಿಕೆಗೆ ತಾಳುವುದಾದರೆ ಇದು ಹತ್ತು ಲಕ್ಷ ಕೋಟಿ ಸಲಕ್ಕೂ ತಾಳುತ್ತದೆ ಎಂದು ತಯಾರಕರ ಹಾಳೆ ಹೇಳುತ್ತದೆ.

ಇನ್ನು ಲೆಕ್ಕ ಹಾಕೋಣ. ನಾಲ್ಕು ಬೈಟು ಆಜ್ಞೆ ಮತ್ತು ವಿಳಾಸ, 128 ಬೈಟು ಡೇಟಾ, ಒಟ್ಟು 1056 ಬಿಟ್. 20 ಮೆಗಾಹರ್ಟ್ಸಿನಲ್ಲಿ ಕಳಿಸಿದರೆ ಸುಮಾರು 53 ಮೈಕ್ರೊಸೆಕೆಂಡು. ಕನ್ಸೋಲಿನ ತಂತಿಯ ಮೇಲೆ 5ಸಿ ಮತ್ತು 5ಡಿ ಹೋಗಲು ಬೈಟಿಗೆ 32ರಂತೆ 64 ಮೈಕ್ರೊಸೆಕೆಂಡು, ನಡುವಿನ ಅಕ್‌ಗಳ ಬಿಡುವು ಬೇರೆ. ಚೆಕ್‌ಸಮ್ ನೋಡಿ ಸರಿ ಎಂದು ಖಾತ್ರಿಯಾದ ಮೇಲೆ, ಆ ಎರಡು ಬೈಟು ಹೇಳುವ ಹೊತ್ತಿನಲ್ಲೇ, ಇಡೀ ಫ್ರೇಮ್ ಎಫ್‌ರ‍್ಯಾಮಿಗೆ ಹೋಗಿ ಕೂತಿರುತ್ತದೆ. ಆಮೇಲೆ ನೀನು ಹೇಳುವ 47 ಅಕ್ಷರಶಃ ನಿಜ. 47 ಹೇಳುವ ಮೊದಲೇ ಕರೆಂಟು ಹೋದರೆ ಒಂದು ಫ್ರೇಮ್ ಅರ್ಧ ಬರೆದಿರಬಹುದು, ಆದರೆ ನೀನು ‘ಆಯಿತು’ ಎಂದು ಹೇಳಿಯೇ ಇಲ್ಲ. ಈ ಲೆಕ್ಕವನ್ನು ಕಾಗದದ ಮೇಲೆ ನೀನೇ ಒಮ್ಮೆ ಮಾಡಿ ನೋಡು, ಆಮೇಲೆ ಅನಲೈಸರಿನಲ್ಲಿ ಎರಡೂ ತಂತಿಗಳನ್ನು ಒಟ್ಟಿಗೆ ಹಿಡಿದು ನೋಡು. ಎಫ್‌ರ‍್ಯಾಮಿನ ಆಯ್ಕೆ ತಂತಿ ಮೇಲೇಳುವುದು 47ಕ್ಕಿಂತ ಮೊದಲೇ ಇರಬೇಕು. ಆ ಚಿತ್ರ ನನಗೆ ಕಳಿಸು.

ನಾನು ಇದನ್ನು ಇಷ್ಟು ಹಿಡಿದು ಹೇಳುವುದಕ್ಕೆ ಕಾರಣ ಕಾರ್ಖಾನೆ. ಫ್ಯಾನುಕ್ ಕಂಟ್ರೋಲರ್ ಇರುವ ಹಳೆಯ ಸಿಎನ್‌ಸಿಗಳಲ್ಲಿ ಯಂತ್ರದ ಪ್ಯಾರಾಮೀಟರು, ಟೂಲಿನ ಆಫ್‌ಸೆಟ್ಟು, ಪ್ರೋಗ್ರಾಮು ಎಲ್ಲ ಇರುವುದು ಎಸ್‌ರ‍್ಯಾಮಿನಲ್ಲಿ, ಅದನ್ನು ಜೀವಂತ ಇಡುವುದು ಒಂದು ಬ್ಯಾಟರಿ. ಬ್ಯಾಟರಿ ಇಳಿದಾಗ ತೆರೆಯ ಮೇಲೆ ‘ಬ್ಯಾಟ್’ ಎಂದು ಮಿನುಗುತ್ತದೆ. ಬದಲಿಸುವುದು ಯಂತ್ರಕ್ಕೆ ಪವರ್ ಕೊಟ್ಟೇ. ಒಂದು ಕಾರ್ಖಾನೆಯಲ್ಲಿ ಒಬ್ಬ ಹುಡುಗ, ಸುರಕ್ಷತೆಯ ಪಾಠ ಚೆನ್ನಾಗಿ ಕಲಿತವನು, ಮೇನ್ ಸ್ವಿಚ್ ಆರಿಸಿ ನೆಮ್ಮದಿಯಾಗಿ ಬ್ಯಾಟರಿ ತೆಗೆದ. ಹೊಸದನ್ನು ತರಲು ಸ್ಟೋರಿಗೆ ಹೋದ. ತಿರುಗಿ ಹಾಕಿ ಆನ್ ಮಾಡಿದರೆ ಯಂತ್ರಕ್ಕೆ ತಾನು ಯಾರೆಂಬುದೇ ಗೊತ್ತಿಲ್ಲ. ಕಬ್ಬಿಣ, ಮೋಟಾರು, ಗೈಡ್‌ವೇ ಎಲ್ಲ ಗಟ್ಟಿ, ಒಂದು ಅಕ್ಷವೂ ಅಲುಗುತ್ತಿಲ್ಲ. ಪ್ಯಾರಾಮೀಟರಿನ ಪ್ರತಿ ತೆಗೆದಿಟ್ಟವರು ಯಾರೂ ಇರಲಿಲ್ಲ. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಅವನದು ತಪ್ಪು ಎಂದು ನಾನು ಹೇಳಲಾರೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಯಂತ್ರದ ಮೇಲೆ ಒಂದು ಚೀಟಿಯೂ ಇರಲಿಲ್ಲ.

ಫ್ಲಾಪಿಯಿಂದ ಪ್ರೋಗ್ರಾಮ್ ತುಂಬಿಕೊಳ್ಳುವ ಯಂತ್ರಗಳದ್ದು ಇನ್ನೊಂದು ಬಗೆ. ಸೋನಿ 2011ರ ಮಾರ್ಚಿನಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಯಂತ್ರಗಳು ನಿಲ್ಲಲಿಲ್ಲ. ಮೂರೂವರೆ ಇಂಚಿನ ಡ್ರೈವ್ ತೆಗೆದು ಅದೇ ಜಾಗಕ್ಕೆ, ಅದೇ 34 ಪಿನ್ನಿನ ಕೇಬಲಿಗೆ, ಪೆನ್‌ಡ್ರೈವ್ ಹಾಕುವ ಫ್ಲಾಪಿ ಎಮ್ಯುಲೇಟರ್ ಕೂರಿಸಿ ಇಂದಿಗೂ ನಡೆಸುತ್ತಿದ್ದಾರೆ. ಯಂತ್ರಕ್ಕೆ ತಾನು ಫ್ಲಾಪಿಯ ಜೊತೆಗೇ ಮಾತಾಡುತ್ತಿದ್ದೇನೆ ಎಂಬ ನಂಬಿಕೆ. ನೀನು ಮಾಡುತ್ತಿರುವುದೂ ಅದೇ ಜಾತಿಯ ಕೆಲಸ. ಈ ಕಾರ್ಡು ಚೆನ್ನಾಗಿ ಮಾಡಿದರೆ ನಾಳೆ ಭೋಸರಿಯಲ್ಲಿ, ಚಾಕಣದಲ್ಲಿ ನಿನ್ನನ್ನು ಕರೆದು ಕೆಲಸ ಕೊಡುವವರು ಇದ್ದಾರೆ.

ಅಂಗಡಿಯ ಮಾತು ಎರಡು. ಹಳೆಯ ಚಿಪ್ಪಿನ ಮೇಲಿನ ಬರಹ ಉಜ್ಜಿ ಹೊಸ ಹೆಸರು ಅಚ್ಚು ಹಾಕಿ ಮಾರುವುದು ಎಲ್ಲ ಊರಲ್ಲೂ ಇದೆ. ಎಫ್‌ರ‍್ಯಾಮ್ ತಂದ ಮೇಲೆ ಮೊದಲು ಅದರ ಗುರುತಿನ ಸಂಖ್ಯೆ ಓದು, ಆಮೇಲೆ ಎಲ್ಲ 1,31,072 ವಿಳಾಸಗಳಿಗೂ ಬದಲಾಗುತ್ತ ಹೋಗುವ ಅಂಕಿ ಬರೆದು ಕರೆಂಟು ತೆಗೆದು ಮರುದಿನ ಓದಿ ನೋಡು. ತಪಕೀರ ಗಲ್ಲಿಯಲ್ಲಿ ಸಿಗದಿದ್ದರೆ ಅಧಿಕೃತ ವಿತರಕರಿಂದ ತರಿಸು. ನಾಲ್ಕು ದಿನ ತಡವಾದರೂ ಪರವಾಗಿಲ್ಲ.

ಕರೆಂಟಿನ ವಿಷಯದಲ್ಲಿ ಸಲಿಗೆ ಬೇಡ. ಕಾರ್ಡಿನ ಸ್ಲಾಟಿನಲ್ಲಿ 3.5 ವೋಲ್ಟಿನ ಜೊತೆಗೆ ಸುಮಾರು 7.5 ವೋಲ್ಟಿನದೂ ಒಂದು ಸಂಪರ್ಕ ಇದೆ. ಅದನ್ನು ನಿನ್ನ ಬೋರ್ಡಿನಲ್ಲಿ ಯಾವುದಕ್ಕೂ ಜೋಡಿಸಬೇಡ, ಮುಟ್ಟುವಷ್ಟು ಹತ್ತಿರ ಟ್ರೇಸನ್ನೂ ಒಯ್ಯಬೇಡ. 3.5ರ ತಂತಿಯನ್ನು ಪಿಕೊದ ವಿಎಸ್‌ವೈಎಸ್ ಪಿನ್ನಿಗೆ ಕೊಡುವಾಗ ನಡುವೆ ಒಂದು ಶಾಟ್ಕಿ ಡಯೋಡ್ ಹಾಕು. ಡಯೋಡ್ ಇಲ್ಲದೆ, ಕಾರ್ಡು ಕನ್ಸೋಲಿನಲ್ಲಿ ಇರುವಾಗಲೇ ಲ್ಯಾಪ್‌ಟಾಪಿನ ಯುಎಸ್‌ಬಿ ಚುಚ್ಚಿದರೆ 5 ವೋಲ್ಟು ಹಿಂದಕ್ಕೆ ಹರಿದು ಕನ್ಸೋಲಿನ ಎದೆಗೆ ಹೋಗುತ್ತದೆ. ವೈಫೈ ಇರುವ ಪಿಕೊ ಹಾಕಿ ಫೋನಿನಿಂದ ಸೇವ್ ನೋಡಬೇಕೆಂಬ ಆಸೆ ನಿನಗಿದೆ ಎಂದು ಕೇಳಿದೆ. ಆ ತಂತಿ ಪುಟ್ಟ ಕಾರ್ಡಿಗೆಂದು ಕೊಟ್ಟದ್ದು, ಅದರ ದಾರಿಯಲ್ಲಿ ಪುಟ್ಟದೊಂದು ಫ್ಯೂಸೂ ಇದೆ. ಮೊದಲು ನಿನ್ನ ಬೋರ್ಡು ಎಷ್ಟು ಮಿಲಿಆಂಪಿಯರ್ ಎಳೆಯುತ್ತದೆ ಎಂದು ಬೇರೆ ಪವರ್ ಸಪ್ಲೈಯಲ್ಲಿ ಅಳೆ. ವೈಫೈ ಮುಂದೆಂದಾದರೂ ಆಗಲಿ.

ಪಿಸಿಬಿ ಮಾಡಿಸುವಾಗ ಸ್ಲಾಟಿಗೆ ಹೋಗುವ ತುದಿಗೆ ಚಿನ್ನದ ಲೇಪ ಕೇಳು. ದುಡ್ಡು ಉಳಿಸಲು ಸೀಸದ ಬೆಸುಗೆಯ ಲೇಪ ಹಾಕಿಸಿದರೆ ಅದರ ಉಬ್ಬುತಗ್ಗು ಕನ್ಸೋಲಿನ ಸ್ಪ್ರಿಂಗುಗಳನ್ನು ಸವೆಸುತ್ತದೆ. ಕಾರ್ಡು ಹೋದರೆ ಇನ್ನೊಂದು ಮಾಡಬಹುದು, ಆ ಸ್ಲಾಟನ್ನು ಮಾಡಲಾಗುವುದಿಲ್ಲ. ದಪ್ಪವನ್ನು ಅಂದಾಜಿನಲ್ಲಿ ಬರೆಯಬೇಡ, ಹಳೆಯ ಕಾರ್ಡಿಗೆ ಕ್ಯಾಲಿಪರ್ ಹಿಡಿ.

ನಿನ್ನ ಗೆಳೆಯರು ಆಟದ ಕ್ಯಾಸೆಟ್ಟುಗಳನ್ನು ತಂದು ‘ಇದರಲ್ಲೂ ಸೇವ್ ಆಗುತ್ತಿಲ್ಲ’ ಎಂದು ಹೇಳುತ್ತಾರೆ, ಈಗಲೇ ಹೇಳಿಡುತ್ತೇನೆ. ನಮ್ಮ ಪೇಟೆಯಲ್ಲಿ ಟಿವಿ ಗೇಮ್ ಎಂದು ಮಾರಿದ ಡಬ್ಬಿಗಳ ಬಹುತೇಕ ಕ್ಯಾಸೆಟ್ಟುಗಳಲ್ಲಿ ಸೇವ್ ಇರಲೇ ಇಲ್ಲ. ಗೇಮ್ ಬಾಯ್‌ನ ಪೊಕೆಮಾನ್‌ನಂಥವುಗಳಲ್ಲಿ ಎಸ್‌ರ‍್ಯಾಮ್ ಮತ್ತು ಗುಂಡಿ ಬ್ಯಾಟರಿ ಇದೆ, ಬ್ಯಾಟರಿ ಸತ್ತರೆ ನೆನಪು ಹೋಯಿತು. ಬದಲಿಗೆ ಕಾಲುಳ್ಳ ಬ್ಯಾಟರಿಯನ್ನೇ ತಾ, ಲಿಥಿಯಂ ಗುಂಡಿಯ ಮೇಲೆ ನೇರವಾಗಿ ಸೋಲ್ಡರಿಂಗ್ ಐರನ್ ಇಟ್ಟರೆ ಸಿಡಿಯಬಹುದು. ‘ಎಸ್‌ರ‍್ಯಾಮ್ ತೆಗೆದು ಎಫ್‌ರ‍್ಯಾಮ್ ಹಾಕಿಬಿಡೋಣ, ಬ್ಯಾಟರಿಯೇ ಬೇಡ’ ಎಂದು ನಿನಗೆ ಹೊಳೆಯುತ್ತದೆ. ಕಾಲಿಗೆ ಕಾಲು ಹೊಂದುವ ಚಿಪ್ಪುಗಳೂ ಸಿಗುತ್ತವೆ. ಆದರೆ ಅಂಥ ಹಲವು ಸಮಾನಾಂತರ ಎಫ್‌ರ‍್ಯಾಮುಗಳು ಚಿಪ್ ಎನೇಬಲ್ ತಂತಿ ಕೆಳಗಿಳಿಯುವ ಕ್ಷಣದಲ್ಲಿ ಮಾತ್ರ ವಿಳಾಸವನ್ನು ಹಿಡಿದುಕೊಳ್ಳುತ್ತವೆ. ಎಸ್‌ರ‍್ಯಾಮಿಗೆ ಆ ಹಂಗಿಲ್ಲ. ಎನೇಬಲ್ ಕೆಳಗಿಟ್ಟೇ ವಿಳಾಸ ಬದಲಿಸುತ್ತ ಹೋಗುವ ಬೋರ್ಡಿನಲ್ಲಿ ಎಫ್‌ರ‍್ಯಾಮ್ ಹಳೆಯ ವಿಳಾಸದ್ದನ್ನೇ ಹೇಳುತ್ತಿರುತ್ತದೆ. ಮೊದಲು ಆ ತಂತಿಯನ್ನು ಅನಲೈಸರಿನಲ್ಲಿ ನೋಡು, ಆಮೇಲೆ ನಿರ್ಧರಿಸು. ಕ್ಲಾಕ್ ಚಿಪ್ ಇರುವ ಪೊಕೆಮಾನ್ ಗೋಲ್ಡ್, ಸಿಲ್ವರ್‌ಗಳಲ್ಲಿ ಬ್ಯಾಟರಿ ಗಡಿಯಾರಕ್ಕೂ ಬೇಕು, ಅಲ್ಲಿ ಅದನ್ನು ತೆಗೆದುಹಾಕುವ ಮಾತೇ ಇಲ್ಲ.

ಪ್ಲೇಸ್ಟೇಷನ್ 2ಕ್ಕೂ ಮಾಡುತ್ತೇನೆ ಎಂದು ಈಗಲೇ ಜಿಗಿಯಬೇಡ. ಅದರ ಕಾರ್ಡು 8 ಎಂಬಿ, 512 ಬೈಟಿನ ಪುಟಕ್ಕೆ ದೋಷತಿದ್ದುವ ಮಾಹಿತಿಯಿರುವ 16 ಬೈಟು ಬೇರೆ, ಮೇಲೆ ಮ್ಯಾಜಿಕ್‌ಗೇಟ್ ಎಂಬ ಗುಪ್ತಲಿಪಿಯ ಬೀಗ. ಆ ದಾರಿಯಲ್ಲಿ ನಡೆದವರು ಇದ್ದಾರೆ, ಕೋಡೂ ಇದೆ. ಆದರೆ ಅಲ್ಲಿ ಕಾಯಿದೆಯ ಪ್ರಶ್ನೆ ಬರುತ್ತದೆ. ನಮ್ಮ ಕಾಪಿರೈಟ್ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮು ಓದಿಕೊಂಡು ಹೋಗು. ಸೇವ್ ಆಡಿದವನದು, ಆಟ ಮಾಡಿದವರದು. ನಿನ್ನ ಕಾರ್ಡು ಮೊದಲನೆಯದನ್ನು ಉಳಿಸಲಿಕ್ಕೆ ಮಾತ್ರ. ಸೀಡಿ ನಕಲಿನ ವ್ಯಾಪಾರಕ್ಕೆ ಯಾರಾದರೂ ನಿನ್ನನ್ನು ಕರೆದರೆ ನೇರವಾಗಿ ಇಲ್ಲ ಎನ್ನು.

ಕೊನೆಯದಾಗಿ ಬರಹ. ಸರ್ಕ್ಯೂಟ್ ಚಿತ್ರ, ಯಾವ ಚಿಪ್, ಯಾವ ಆವೃತ್ತಿಯ ಕೋಡ್, ಏನು ಪರೀಕ್ಷೆ ಮಾಡಿದೆ, ಯಾವುದು ಇನ್ನೂ ಮಾಡಿಲ್ಲ ಎಲ್ಲ ಒಂದು ವಹಿಯಲ್ಲಿ ಬರೆದಿಡು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ನಿನ್ನದು. ಮೂರರಲ್ಲಿ ಯಾವುದರಲ್ಲಿ ಯೋಚಿಸುತ್ತೀಯೋ ಅದರಲ್ಲೇ ಬರೆ. ಕನ್ನಡದಲ್ಲೂ ಒಂದು ಪ್ರತಿ ಮಾಡಿದರೆ ಧಾರವಾಡದಲ್ಲಿ, ಬೆಳಗಾವಿಯಲ್ಲಿ ಐಟಿಐ ಓದುವ ಹುಡುಗರ ಕೈಗೆ ನಾನೇ ಮುಟ್ಟಿಸುತ್ತೇನೆ. ಕವಚದ ಒಳಗೆ ತಾರೀಖು, ಎಫ್‌ರ‍್ಯಾಮಿನ ಹೆಸರು, ‘7.5 ವೋಲ್ಟ್ ಜೋಡಿಸಿಲ್ಲ’ ಎಂದು ಒಂದು ಚೀಟಿ ಅಂಟಿಸು. ಇಪ್ಪತ್ತು ವರ್ಷದ ಮೇಲೆ ಅದನ್ನು ಬಿಚ್ಚುವವನಿಗೆ ಆ ಚೀಟಿ ಬೇಕಾಗುತ್ತದೆ.

ಪರೀಕ್ಷೆ ಹೀಗೆ ಮಾಡು. ಹೊಸದಾಗಿ ಆಡಿದ ನಿನ್ನದೇ ಸೇವುಗಳನ್ನು ಕಾರ್ಡಿಗೆ ತುಂಬು. ಕನ್ಸೋಲಿನ ಪ್ಲಗ್ಗಿಗೆ ಒಂದು ರಿಲೇ ಹಾಕಿ, ಎರಡನೆಯ ಪಿಕೊ ಒಂದರಿಂದ ಸೇವ್ ನಡೆಯುತ್ತಿರುವಾಗಲೇ ಬೇರೆ ಬೇರೆ ಕ್ಷಣಕ್ಕೆ ಕರೆಂಟು ಕತ್ತರಿಸು. 230 ವೋಲ್ಟಿನ ಆ ಭಾಗಕ್ಕೆ ಡಬ್ಬಿ ಮುಚ್ಚಿರಲಿ, ಆ ದಿನ ನಾನೂ ಬರುತ್ತೇನೆ, ನಾನು ಬಂದ ಮೇಲೆಯೇ ಪ್ಲಗ್ ಹಾಕು. ಪ್ರತಿ ಸಲವೂ ಕಾರ್ಡು ಓದಿ, 47 ಹೇಳಿದ ಫ್ರೇಮುಗಳೆಲ್ಲ ಇವೆಯೇ, ಮುಟ್ಟದಿದ್ದ ಬ್ಲಾಕುಗಳಲ್ಲಿ ಒಂದು ಬೈಟಾದರೂ ಬದಲಾಗಿದೆಯೇ ಎಂದು ಪ್ರೋಗ್ರಾಮಿನಿಂದ ಹೋಲಿಸು. ಒಂದು ರಾತ್ರಿ ಪೂರ್ತಿ ನಡೆಯಲಿ. ಬೆಳಿಗ್ಗೆ ಪಟ್ಟಿಯಲ್ಲಿ ಒಂದೂ ದೋಷ ಇಲ್ಲದಿದ್ದರೆ ಅಕ್ಕನ ಪ್ರತಿಯನ್ನು ಅದಕ್ಕೆ ಇಳಿಸಿ ಅವಳ ಕೈಗೆ ಕೊಡು. ಅವಳ ಹಳೆಯ ಕಾರ್ಡನ್ನು ಮಾತ್ರ ಎಸೆಯಬೇಡ, ಸಿಲಿಕಾ ಜೆಲ್ಲಿನ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿ ಅವಳಿಗೇ ವಾಪಸು ಕೊಡು.